ಭಾನುವಾರದ ಬಸ್ಸಿಗೆ ಬರಬೇಡ

ಭಾನುವಳ್ಳಿ
೧೪-೧-೨೦೨೬, ಬುಧವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ನಿಂಗರಾಜ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇವೆ, ಅಷ್ಟರ ಮಟ್ಟಿಗೆ ಕ್ಷೇಮ. ದೀಪಾವಳಿಗೆ ನೀನು ಬಂದು ಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ಬೈಯುವುದಿದ್ದರೆ ಬೈದುಬಿಡು, ಆದರೆ ಕಾಗದ ಪೂರ್ತಿ ಓದಿದ ಮೇಲೆ ಬೈ. ಫೋನ್ ಮಾಡಬಾರದಿತ್ತಾ ಎಂದು ಭಾವ ಕೇಳುತ್ತಾರೆ, ಗೊತ್ತು. ನನಗೂ ಫೋನಿಗೂ ಎಣ್ಣೆ ಸೀಗೇಕಾಯಿ. ನಾನು ‘ಹಲೋ’ ಮುಗಿಸುವಷ್ಟರಲ್ಲಿ ಆ ಕಡೆಯವರು ‘ಟವರ್ ಇಲ್ಲ’ ಎಂದು ಇಟ್ಟುಬಿಡುತ್ತಾರೆ. ವಾಟ್ಸಾಪಿನಲ್ಲಿ ಹಾಕಿದರೆ ನಿನಗಿಂತ ಮೊದಲು ನಿನ್ನ ಮಕ್ಕಳು ಓದುತ್ತಾರೆ. ನೀನು ಮದುವೆಯಾಗಿ ದಾವಣಗೆರೆಗೆ ಹೋದ ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ಕಾಗದದಲ್ಲೇ ಅಲ್ಲವೇ? ಬಾಯಿಗಿರುವ ತೊದಲು ಕೈಗಿಲ್ಲ.

ಈಗ ಮಧ್ಯಾಹ್ನ ಮೂರು ಗಂಟೆ. ಕರೆಂಟು ಹೋಗಿದೆ, ಅಂಗಡಿಯಲ್ಲಿ ಒಬ್ಬನೇ ಇದ್ದೇನೆ. ಎದುರಿಗೆ ಬಿಚ್ಚಿಟ್ಟ ಪಂಪ್‌ಸೆಟ್ ಮೋಟಾರು, ಸುಟ್ಟ ವೈಂಡಿಂಗಿನ ವಾಸನೆ. ನಾಲೆಗೆ ನೀರು ಬಿಟ್ಟಿದ್ದಾರೆ, ಭತ್ತದ ನಾಟಿ ಶುರುವಾಗಿದೆ. ಎಂದಿನಂತೆ ಊರಿನ ಮೋಟಾರುಗಳೆಲ್ಲ ಮಾತಾಡಿಕೊಂಡು ಒಟ್ಟಿಗೇ ಕೆಟ್ಟಿವೆ. ನಾಳೆ ಸಂಕ್ರಾಂತಿ. ಚೈತ್ರಾ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ. ಶುಕ್ರವಾರ ರೇವಂತನನ್ನು ಕರೆದುಕೊಂಡು ಬರುವಾಗ ನಿನಗೂ ಹತ್ತು ರೊಟ್ಟಿ ತರುತ್ತಾಳೆ. ಆ ಗಂಟಿನ ಅಡಿಯಲ್ಲೇ ಈ ಕಾಗದ ಇರುತ್ತದೆ.

ಅಕ್ಕಾ, ನನಗೆ ಭಯವಾಗಿದೆ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಈ ಭಾನುವಾರ ಅಮಾವಾಸ್ಯೆ. ಅವತ್ತು ರೇವಂತನಿಗೆ, ನನ್ನ ಮಗನಿಗೆ, ಬರೆ ಹಾಕಿಸುತ್ತಾಳಂತೆ ಅವ್ವ. ಬರೆ ಹಾಕುವ ಹಂಪವ್ವನಿಗೆ ಹೇಳಿ ಕಳಿಸಿಯೂ ಆಗಿದೆ. ಮಗುವನ್ನು ಮಡಿಲಲ್ಲಿ ಹಿಡಿದು ಕೂರಲು ನೀನು ಹತ್ತೂವರೆ ಬಸ್ಸಿಗೆ ಬರುತ್ತೀಯಂತೆ, ಫೋನಿನಲ್ಲಿ ಒಪ್ಪಿಕೊಂಡಿದ್ದೀಯಂತೆ. ಇದು ನಿಜವೋ, ಅವ್ವ ತನ್ನ ಧೈರ್ಯಕ್ಕೆ ಹೇಳಿಕೊಂಡಿದ್ದೋ ನನಗೆ ತಿಳಿಯದು.

ಎಲ್ಲಿಂದ ಎಲ್ಲಿಗೆ ಬಂತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಹೇಳುತ್ತೇನೆ.

ದಸರಾ ಹೊತ್ತಿಗೆ ರೇವಂತನ ಮಾತು ಎಡವಲು ಶುರುವಾಯಿತು. ಅದಕ್ಕೆ ಮುಂಚೆ ಹೇಗಿದ್ದ ನೀನೇ ನೋಡಿದ್ದೀಯ, ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗು. ಒಂದು ದಿನ ಅಂಗಡಿಗೆ ಓಡಿಬಂದು “ಅ... ಅ... ಅಪ್ಪ, ಊಟ” ಎಂದ. ನಾನು ಸುತ್ತುತ್ತಿದ್ದ ತಾಮ್ರದ ತಂತಿ ಕೈಯಿಂದ ಜಾರಿ ಪೂರಾ ಸುರುಳಿ ಬಿಚ್ಚಿಹೋಯಿತು. ಅವ್ವ ಎರಡು ದಿನ ಕಾದು, ಮೂರನೇ ದಿನ ಅಂದಳು, “ಕೂಸು ಕಂಡಿದ್ದನ್ನ ಕಲಿತೈತೆ. ನಿನ್ನ ಬಾಯಿ ನೋಡಿ ನೋಡಿ ಹಂಗಾಗೈತೆ ಕಣೋ.” ಬೈದು ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾತು ಬಿಡು ಎಂದು ಯಾರೂ ನನಗೆ ಹೇಳಲಿಲ್ಲ, ನಾನೇ ಬಿಟ್ಟೆ. ದೀಪಾವಳಿ ಮುಗಿದು ನೀನು ಬಸ್ ಹತ್ತಿದ ಮರುದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಮಗನ ಬಾಯಿ ನೆಟ್ಟಗಾಗುವವರೆಗೆ ನನ್ನ ದನಿ ಅವನ ಕಿವಿಗೆ ಬೀಳಬಾರದು ಎಂದು ಹರಕೆ ಹೊತ್ತೆ. ಊರಿನವರಿಗೆ ಇದೊಂದು ತಮಾಷೆ. ಅವರು ನನಗಿಟ್ಟ ಹೆಸರು ನಿನಗೆ ಗೊತ್ತಲ್ಲ, ಸಿಂಗಲ್ ಫೇಸ್ ನಿಂಗ. ಮೂರು ಫೇಸಿನಲ್ಲಿ ಒಂದೇ ಬಂದರೆ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹೆಸರಿಟ್ಟವನು ಯಾರೋ, ಕೆಲಸ ತಿಳಿದವನೇ ಇರಬೇಕು. “ಸಿಂಗಲ್ ಫೇಸೂ ಟ್ರಿಪ್ ಆತಲ್ಲೋ” ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ನಾನೂ ನಕ್ಕೆ. ನಗಲು ತೊದಲಿಲ್ಲ.

ಮೂರು ತಿಂಗಳು ಹಾಗೇ ಕಳೆಯಿತು. ಊಟಕ್ಕೆ ಕೂತಾಗ ಅವನು ನನ್ನ ತುಟಿ ನೋಡುತ್ತಿದ್ದ. ನಾನು ತಟ್ಟೆ ನೋಡುತ್ತಿದ್ದೆ. ಅಂಗಡಿಗೆ ಬಂದರೆ ಸನ್ನೆ ಮಾಡಿ ಮನೆಗೆ ಕಳಿಸುತ್ತಿದ್ದೆ. ಆಮೇಲೆ ಬರುವುದನ್ನೇ ಬಿಟ್ಟ.

ಇತ್ತ ಚೈತ್ರಾ ಅವನನ್ನು ವಾರಕ್ಕೆರಡು ಸಲ ನಿಜಲಿಂಗಪ್ಪ ಬಡಾವಣೆಗೆ, ಮಕ್ಕಳಿಗೆ ಮಾತಿನ ತರಬೇತಿ ಕೊಡುವ ಮುಸರತ್ ಮೇಡಂ ಹತ್ತಿರ ಕರೆದುಕೊಂಡು ಹೋಗತೊಡಗಿದಳು. ಅದು ನಿನಗೆ ಗೊತ್ತು, ಮಧ್ಯಾಹ್ನದ ಊಟ ನಿನ್ನ ಮನೆಯಲ್ಲೇ ಆಗುತ್ತದೆ. “ಸರಸ್ವತಿ ನಗರದ ಅತ್ತೆ ಮನೀಗೆ ಹೋಗೋದಾದ್ರೆ ಕ್ಲಾಸಿಗೆ ಬರ್ತಾನೆ, ಇಲ್ದಿದ್ರೆ ಬಸ್ಸೇ ಹತ್ತಲ್ಲ” ಎನ್ನುತ್ತಾಳೆ ಚೈತ್ರಾ. ನಿನ್ನ ಬಟನ್ ಬಿಸ್ಕತ್ತಿನ ಮಹಿಮೆ. ಡಿಸೆಂಬರ್ ಹೊತ್ತಿಗೆ ಮನೆಯಲ್ಲಿ ತೊದಲು ಕೇಳಿಸುವುದು ಕಡಿಮೆಯಾಯಿತು. ಅವ್ವ ಕಾಯಿ ಒಡೆಸಿದಳು. ನಾನಂತೂ ನನ್ನ ಹರಕೆ ಫಲಿಸಿತು ಎಂದು ಒಳಗೊಳಗೇ ಹಿಗ್ಗಿದೆ. ಎಂಥಾ ಮಂಕು ನಾನು! ಮಗು ಮಾತಾಡುವುದೇ ಕಡಿಮೆಯಾಗಿತ್ತು, ಅದಕ್ಕೇ ತೊದಲೂ ಕಡಿಮೆ. ಮನೆ ತುಂಬಾ ಜನ ಇದ್ದು ಇದನ್ನು ಕಂಡುಹಿಡಿಯಲು ವಾರಕ್ಕೆ ಎರಡು ತಾಸು ನೋಡುವ ಮುಸರತ್ ಮೇಡಂ ಬೇಕಾಯಿತು.

ತಂದೆಯನ್ನು ಕರೆತನ್ನಿ ಎಂದು ಆಕೆ ಮೂರು ಸಲ ಹೇಳಿ ಕಳಿಸಿದ್ದರು. ನಾನು ಮೋಟಾರಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಹೋದರೆ ಮಾತಾಡಬೇಕಾಗುತ್ತದಲ್ಲ. ನಿನ್ನೆ ಚೈತ್ರಾ ಅಂಗಡಿಗೇ ಬಂದು ಷಟರ್ ಎಳೆದಳು. “ನೀವು ಬರದಿದ್ರೆ ನಾನೂ ಇನ್ನ ಹೋಗಲ್ಲ. ಅವ್ನು ಮೂಕ ಆಗ್ತಾನೆ, ನೋಡ್ತಾ ಕೂಡ್ರಿ” ಎಂದಳು. ಹೋದೆ. ನಿನ್ನ ಮನೆಗೆ ಬರದೆ ಹಾಗೇ ವಾಪಸ್ ಬಂದೆವು ಎಂದು ಬೇಜಾರು ಮಾಡಿಕೊಳ್ಳಬೇಡ, ಯಾಕೆ ಎಂದು ಮುಂದೆ ಓದಿದರೆ ತಿಳಿಯುತ್ತದೆ.

ಚಿಕ್ಕ ಕೋಣೆ. ನೆಲಕ್ಕೆ ಬಣ್ಣದ ಚಾಪೆ, ಗೋಡೆಗೆ ದೊಡ್ಡ ಕನ್ನಡಿ. ಮುಸರತ್ ಮೇಡಂ ನನಗಿಂತ ಚಿಕ್ಕವರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. “ಬರ್ರಿ, ಅಲ್ಲಿ ಮೂಲೆಯಾಗೆ ಕೂಡ್ರಿ. ಏನೂ ಮಾತಾಡೋದು ಬ್ಯಾಡ, ನೋಡ್ರಿ ಸಾಕು” ಎಂದರು. ನನಗೆ ಹೋದ ಜೀವ ಬಂದಂತಾಯಿತು. ರೇವಂತನ ಮುಂದೆ ನಾಲ್ಕು ಬಟ್ಟೆ ಗೊಂಬೆ ಇಟ್ಟರು: ಅಜ್ಜಿ, ಅಪ್ಪ, ಅಮ್ಮ, ಮಗು. ಜೊತೆಗೆ ಒಂದು ಹಾಳೆ ತುಂಬ ನಕ್ಷತ್ರದ ಸ್ಟಿಕ್ಕರು. ಅವನು ಅಜ್ಜಿ ಗೊಂಬೆಯನ್ನು ಒಲೆ ಮುಂದೆ ಕೂರಿಸಿದ, ಅಮ್ಮನನ್ನು ಬಾವಿಗೆ ಕಳಿಸಿದ. ಅಪ್ಪನ ಗೊಂಬೆ ಎತ್ತಿಕೊಂಡು ತುಂಬಾ ಹೊತ್ತು ನೋಡಿ, ಒಂದು ಸ್ಟಿಕ್ಕರು ಕಿತ್ತು ಅದರ ಬಾಯಿಗೆ ಅಂಟಿಸಿದ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ಇನ್ನೊಂದು ತೆಗೆದು ಮಗುವಿನ ಗೊಂಬೆಯ ಬಾಯಿಗೂ ಹಾಕಿದ.

“ಅಪ್ಪಗೆ ಏನಾತು ಪುಟ್ಟಾ?” ಮೇಡಂ ಕೇಳಿದರು.

ಅವನು ಸ್ಟಿಕ್ಕರಿನ ಹಾಳೆ ಮಡಚಿದ, ಬಿಚ್ಚಿದ. ಅವರು ಕಾದರು. ಇಷ್ಟು ಹೊತ್ತು ಯಾರಾದರೂ ಇನ್ನೊಬ್ಬರ ಮಾತಿಗೆ ಕಾಯುವುದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಕೊನೆಗೆ ಅವರ ಕಿವಿಯ ಹತ್ತಿರ ಹೋಗಿ ಹೇಳಿದ. ಗುಟ್ಟು ಎಂದುಕೊಂಡಿದ್ದ, ಆದರೆ ಆ ಕೋಣೆಯಲ್ಲಿ ಎಲ್ಲ ಕೇಳಿಸಿತು.

“ನ... ನ... ನಂದು ಅಪ್ಪಗೆ ಹತ್ತೈತೆ. ಅ... ಅಪ್ಪಗೆ ಮಾತು ಹೋಗೈತೆ. ನಾ ಮಾತಾಡಿದ್ರೆ ಅ... ಅಮ್ಮಗೂ ಹತ್ತತೈತೆ.”

ಅಕ್ಕಾ, ನಾನು ಅವನಿಗೆ ಅಂಟಿಸಿದೆ ಎಂದು ಮಾತು ಬಿಟ್ಟೆ. ಅವನು ನನಗೆ ಅಂಟಿಸಿದೆ ಎಂದುಕೊಂಡು ತಾನೂ ಬಿಟ್ಟಿದ್ದಾನೆ. ಐದು ವರ್ಷದ ಮಗು, ಮೂರು ತಿಂಗಳು ಇದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದೆ. ಚೈತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಮೊಣಕಾಲಿನಲ್ಲೇ ತೆವಳಿಕೊಂಡು ಹೋಗಿ ಅವನ ಮುಂದೆ ಕೂತೆ. ‘ಇಲ್ಲ ಮಗಾ, ನಿನ್ನಿಂದಲ್ಲ’ ಎನ್ನಬೇಕಿತ್ತು. ಎಷ್ಟು ಹೊತ್ತು ಹಿಡಿಯಿತೋ. ಬೆವರು ಕಣ್ಣಿಗಿಳಿಯಿತು, ಕತ್ತಿನ ನರ ಎಳೆಯಿತು. ಅವನು ನನ್ನ ಬಾಯಿಯನ್ನೇ ನೋಡುತ್ತಾ ಕಾದ. ಮಾತು ತುಂಬಿಸಿ ಕೊಡಲಿಲ್ಲ, ನಗಲಿಲ್ಲ. ನಾನು ಮುಗಿಸಿದ ಮೇಲೆ ಗೊಂಬೆಯ ಬಾಯಿಯಿಂದ ಸ್ಟಿಕ್ಕರು ಕಿತ್ತು ನನ್ನ ಅಂಗೈಗೆ ಅಂಟಿಸಿದ.

ಆಮೇಲೆ ಮುಸರತ್ ಮೇಡಂ ನನಗೆ ಹೇಳಿದರು, “ಕೇಳಿಸ್ಕೊಂಡು ಅಂಟೋ ಜಡ್ಡಲ್ಲ ಇದು. ಮನೆತನದಾಗೆ ಹರಿದು ಬಂದಿರಬೋದು, ಅದು ಯಾರ ತಪ್ಪೂ ಅಲ್ಲ. ನೀವು ಬಾಯಿ ಮುಚ್ಚಿದ್ರೆ ರಕ್ತ ಬದಲಾಗತೈತೇನ್ರಿ? ದಿನಾ ಹತ್ತು ನಿಮಿಷ ಅವನ ಕೂಡ ಕೂತು ಮಾತಾಡ್ರಿ. ನಿಮ್ಮ ಮಾತು ನಿಂತರೆ ನಿಲ್ಲಲಿ. ಅವನದು ನಿಂತರೆ ಕಾಯ್ರಿ. ‘ನಿಧಾನ ಹೇಳು’ ಅಂತಾನೂ ಅನ್ನಬ್ಯಾಡ್ರಿ.” ಪೂರ್ತಿ ಹೋಗತೈತೇನ್ರಿ ಎಂದು ಚೈತ್ರಾ ಕೇಳಿದಳು. ಹೋಗಬಹುದು, ಹೋಗದೆಯೂ ಇರಬಹುದು, ಹೆದರಿಕೆ ಹೋದರೆ ಮಾತು ಹಗುರಾಗುತ್ತದೆ, ಇಷ್ಟನ್ನು ಮಾತ್ರ ನಾನು ಹೇಳಬಲ್ಲೆ ಎಂದರು. ಸುಳ್ಳು ಭರವಸೆ ಕೊಡದ ಹೆಂಗಸು. ನನಗೆ ಅದು ಹಿಡಿಸಿತು, ಚೈತ್ರಾಳ ಮುಖ ಬಾಡಿತು.

ನಿನ್ನ ಮನೆಗೆ ಬಾರದ್ದು ಇದಕ್ಕೇ. ಯಾರ ಮುಖ ನೋಡುವ ಸ್ಥಿತಿಯಲ್ಲೂ ನಾವಿರಲಿಲ್ಲ. ಹರಿಹರದ ಬಸ್ಸಿನಲ್ಲಿ ಅವನು ನನ್ನ ತೊಡೆಯ ಮೇಲೆ ಕೂತ. ಶುರುವಾಯಿತು ನೋಡು ನಮ್ಮಿಬ್ಬರ ಮಾತು. ಲಾರಿ, ಎಮ್ಮೆ, ಟವರು, ಹೊಳೆ, ಕಂಡದ್ದನ್ನೆಲ್ಲ ಅವನು ಹೇಳುವುದು, ನಾನು ಹೇಳುವುದು. ಒಂದು ಎಮ್ಮೆ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಎಮ್ಮೆ ದಾಟಿಹೋಗಿರುತ್ತಿದ್ದವು. ಹಿಂದಿನ ಸೀಟಿನವರು ನಕ್ಕರು. ನಗಲಿ ಬಿಡು. ಮೂರು ತಿಂಗಳಲ್ಲಿ ನನಗೆ ಅಷ್ಟು ಸುಖವಾದ ಒಂದು ತಾಸು ಬೇರೆ ಇಲ್ಲ. ಹೊಳೆ ಸೇತುವೆ ಹತ್ತಿರ ಅವನು ಹೆಗಲ ಮೇಲೆ ತಲೆಯಿಟ್ಟು, ನನ್ನ ಕುತ್ತಿಗೆಯ ಹಿಂದಿನ ಮೂರು ಗುರುತುಗಳನ್ನು ಬೆರಳಿನಿಂದ ಮುಟ್ಟಿ, “ಇ... ಇದು ಏನು?” ಎಂದ. ಗಾಯ ಎಂದೆ. ಯಾರು ಮಾಡಿದ್ದು ಎಂದು ಕೇಳಿದ. ನಾನು ಕಿಟಕಿಯಾಚೆ ಹೊಳೆ ತೋರಿಸಿದೆ.

ಮನೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ನಾವಿಬ್ಬರೂ ತೊದಲುತ್ತಾ ಮೆಟ್ಟಿಲು ಹತ್ತುವುದು ಅವಳ ಕಿವಿಗೆ ಬಿತ್ತು. ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಟ್ಟಳು. “ಇಷ್ಟು ದಿನ ನಿಂತಿದ್ದನ್ನ ಒಂದೇ ದಿನಕ್ಕೆ ಮತ್ತೆ ಹತ್ತಿಸಿದೆಲ್ಲೋ! ಇನ್ನ ನಾನು ಸುಮ್ಮನಿರಲ್ಲ. ನಿನಗೆ ಹಾಕಿಸಿದ್ದಕ್ಕೇ ನೀನು ಇಷ್ಟಾದರೂ ಮಾತಾಡ್ತೀಯ. ಇಲ್ದಿದ್ರೆ ಪೂರಾ ಮೂಕ ಆಗ್ತಿದ್ದೆ” ಎಂದಳು. ಹಾಕಿಸದಿದ್ದರೆ ಹೇಗಿರುತ್ತಿದ್ದೆ ಎಂದು ತೋರಿಸಲು ಇನ್ನೊಬ್ಬ ನಿಂಗರಾಜ ಎಲ್ಲಿದ್ದಾನೆ? ಒಂದು ತಾಸಿನಲ್ಲಿ ಹಂಪವ್ವನಿಗೆ ಹೇಳಿ ಕಳಿಸಿದಳು, ನಿನಗೆ ಫೋನ್ ಹಚ್ಚಿಸಿದಳು.

ನಾನು ಅಡ್ಡ ನಿಂತೆ ಅಕ್ಕಾ. ಬಾಯಿ ತೆಗೆದೆ. ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡೆ. ಅವ್ವ ನನ್ನ ಬೆನ್ನು ಸವರಿ, “ಆತು ಆತು, ಆಯಾಸ ಮಾಡ್ಕಬ್ಯಾಡ, ನನಗೆ ತಿಳೀತದೆ” ಎಂದು ಒಳಗೆ ಹೋದಳು. ಪ್ರೀತಿಯಿಂದಲೇ ಹೋದಳು. ನನ್ನ ಮಾತು ಮುಗಿಯುವವರೆಗೆ ಈ ಮನೆಯಲ್ಲಿ ಯಾರೂ ನಿಂತಿಲ್ಲ. ಬರೆದು ತೋರಿಸೋಣವೆಂದರೆ ಅವಳಿಗೆ ಅಕ್ಷರ ಬರುವುದಿಲ್ಲ. ಚೈತ್ರಾಳನ್ನು ಕೇಳಿದರೆ, “ಎರಡೂ ಕಡೆ ನಡೀಲಿ ಬಿಡ್ರಿ. ಮೇಡಂ ಕೂಡ ಗ್ಯಾರಂಟಿ ಕೊಡಲಿಲ್ಲ. ಒಂದು ಗಳಿಗೆ ಉರಿ, ಆಮೇಲೆ ಏನೂ ಇಲ್ಲ ಅಂತಾರೆ ಅತ್ತೆ” ಎನ್ನುತ್ತಾಳೆ. ಅವಳೂ ಹೆದರಿದ್ದಾಳೆ, ಹೆದರಿದವರು ಸಿಕ್ಕ ಹುಲ್ಲುಕಡ್ಡಿಯನ್ನೆಲ್ಲ ಹಿಡಿಯುತ್ತಾರೆ. ಮುಸರತ್ ಮೇಡಂ ಕೈಲಿ ಹೇಳಿಸೋಣವೆಂದರೆ, “ಗೊಂಬೆ ಆಡಾಕೆ ದಾವಣಗೆರೆತನಕ ಯಾಕ ಹೋಗಬೇಕು” ಎನ್ನುವವಳು ಅವ್ವ.

ಭಾನುವಾರ ಮಗುವನ್ನು ಎತ್ತಿಕೊಂಡು ಎಲ್ಲಿಗಾದರೂ ಹೋಗಬಹುದು. ಹೋದರೆ ಮುಂದಿನ ಅಮಾವಾಸ್ಯೆ ಇದೆ, ಅದರ ಮುಂದಿನದು ಇದೆ. ನಾನು ಯಾರದೋ ಮೋಟಾರು ಇಳಿಸಲು ಗದ್ದೆಗೆ ಹೋದ ದಿನ ಆಗಿಬಿಡುತ್ತದೆ. ಹಂಪವ್ವನಿಗೆ ಈಗ ಎಂಬತ್ತರ ಹತ್ತಿರ. ಎಡಗಣ್ಣಿಗೆ ಪೊರೆ ಬಂದಿದೆ. ಮೊನ್ನೆ ಚಹಾ ಕುಡಿಯುವಾಗ ನೋಡಿದೆ, ಬಸಿಯಲ್ಲಿದ್ದ ಅರ್ಧ ಚಹಾ ಸೀರೆಗೆ ಚೆಲ್ಲಿತು. ಆ ಕೈಯಲ್ಲಿ ಕೆಂಪಗೆ ಕಾದ ಬಳೆಚೂರು ಹಿಡಿಯುತ್ತಾಳೆ. ಬಳೆಚೂರು ಎಂದು ಬರೆಯುವಾಗಲೇ ನನ್ನ ಕುತ್ತಿಗೆ ಚುರುಗುಟ್ಟುತ್ತದೆ. ಕುತ್ತಿಗೆಗೆ ಇಡಬೇಕಾದದ್ದು ಕಿವಿಗೆ ಬಿದ್ದರೆ? ಮಗು ತಿರುಗಿ ಕಣ್ಣಿಗೆ ಬಿದ್ದರೆ? ನಿನ್ನೆಯಿಂದ ಇದೇ ತಲೆಯಲ್ಲಿ. ನಾಲ್ಕು ಸಲ ವೈಂಡಿಂಗ್ ಸುತ್ತು ತಪ್ಪಿ ಬಿಚ್ಚಿದ್ದೇನೆ.

ಅಪ್ಪನ ನೆನಪೂ ಬರುತ್ತದೆ. ನನಗೆ ಹಾಕಿಸಿದ ದಿನ ಅಪ್ಪ ಹೊರಗೆ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಬೀಡಿ ಸೇದುತ್ತಾ ಕೂತಿದ್ದ. ಗುತ್ತೆಪ್ಪ ಹುಲಿಯಂಥ ಮನುಷ್ಯ ಎಂದು ಊರೆಲ್ಲ ಹೇಳುತ್ತಿದ್ದರು. ಆ ಹುಲಿ ತಿರುಗಿ ನೋಡಲಿಲ್ಲ. ನಾನೂ ಭಾನುವಾರ ಅದೇ ಕಟ್ಟೆಯ ಮೇಲೆ ಕೂತುಬಿಡುತ್ತೇನೇನೋ ಎಂದು ನನ್ನ ಬಗ್ಗೆ ನನಗೇ ಹೆದರಿಕೆ.

ಉಳಿದವಳು ನೀನೊಬ್ಬಳೇ. ಹಂಪವ್ವನ ಕಟ್ಟಳೆ ನಿನಗೆ ಗೊತ್ತು. ಮಗುವನ್ನು ಸೋದರತ್ತೆಯೇ, ಅವಳಿಲ್ಲದಿದ್ದರೆ ಅಕ್ಕನೇ ಮಡಿಲಲ್ಲಿ ಹಿಡಿಯಬೇಕು, ಬೇರೆಯವರು ಹಿಡಿದರೆ ಬರೆ ಫಲಿಸುವುದಿಲ್ಲ. ನಮಗೆ ಸೋದರತ್ತೆ ಇರಲಿಲ್ಲವೆಂದೇ ಅಲ್ಲವೇ ಅವತ್ತು ಹನ್ನೆರಡು ವರ್ಷದ ನಿನ್ನ ಮಡಿಲಲ್ಲಿ ನನ್ನನ್ನು ಕೂರಿಸಿದ್ದು? ರೇವಂತನಿಗೆ ಅಕ್ಕ ಇಲ್ಲ, ಇರುವವಳು ನೀನೊಬ್ಬಳೇ ಸೋದರತ್ತೆ. ನೀನು ಬಾರದಿದ್ದರೆ ಬರೆ ಇಲ್ಲ. ಈ ಅಮಾವಾಸ್ಯೆಗೂ ಇಲ್ಲ, ಯಾವ ಅಮಾವಾಸ್ಯೆಗೂ ಇಲ್ಲ. ಅವ್ವನಿಗೆ ಫೋನ್ ಮಾಡಿ ‘ನಾನು ಹಿಡಿಯಲ್ಲ’ ಎಂದು ಒಂದು ಮಾತು ಹೇಳು. ನಿನ್ನ ಮಾತು ಒಂದೇ ಉಸಿರಿಗೆ ಮುಗಿಯುತ್ತದೆ, ಅವಳು ಕೇಳಿಯೇ ಕೇಳುತ್ತಾಳೆ. ನಾಲ್ಕು ದಿನ ಅಳುತ್ತಾಳೆ, ನಿನ್ನನ್ನೂ ನನ್ನನ್ನೂ ಬೈಯುತ್ತಾಳೆ. ಬೈಯಲಿ, ಹೆತ್ತವಳು.

ಇನ್ನೊಂದು ಹೇಳಬೇಕು, ಬರೆಯಲು ಸಂಕಟ. ಭಾನುವಾರ ಅತ್ತೆ ಬರುತ್ತಾಳೆ ಎಂದಷ್ಟೇ ಅವ್ವ ರೇವಂತನಿಗೆ ಹೇಳಿದ್ದಾಳೆ, ಯಾಕೆ ಎಂದು ಹೇಳಿಲ್ಲ. ಅವನು ಬೆರಳು ಮಡಚಿ ದಿನ ಎಣಿಸುತ್ತಿದ್ದಾನೆ. ಮನೆಗೆ ಬಂದವರನ್ನು ಒಳಗೆ ಕರೆಯುವುದು ಮುಸರತ್ ಮೇಡಂ ಕೊಟ್ಟ ಅಭ್ಯಾಸ. ಬೆಳಿಗ್ಗೆಯಿಂದ ಬಾಗಿಲ ಹಿಂದೆ ನಿಂತು ನಿನ್ನನ್ನು ಕರೆಯುವುದನ್ನು ಕಲಿಯುತ್ತಿದ್ದಾನೆ. “ಅತ್ತೆ, ಒಳಗೆ” ಎನ್ನುವವರೆಗೆ ಚೆನ್ನಾಗಿ ಬರುತ್ತದೆ. ‘ಬಾ’ ಎನ್ನುವಲ್ಲಿ ತುಟಿ ಅಂಟಿಕೊಳ್ಳುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಆ ಮಗು ನಿನ್ನನ್ನು ಕರೆಯಲು ಇಷ್ಟು ಕಷ್ಟಪಡುತ್ತಿರುವಾಗ ಬರಬೇಡ ಎಂದು ಬರೆಯುವ ಅಪ್ಪ ನಾನು.

ಮುಂದಿನ ಮಂಗಳವಾರ ನಾವು ಮೂವರೂ ನಿನ್ನ ಮನೆಗೆ ಬರುತ್ತೇವೆ. ಅವನನ್ನು ನಿನ್ನ ಬಾಗಿಲ ಒಳಗೆ ನಿಲ್ಲಿಸು, ನೀನು ಹೊರಗೆ ನಿಲ್ಲು. ಅವನು ಕರೆದು ಮುಗಿಸುವವರೆಗೆ ಒಳಗೆ ಕಾಲಿಡಬೇಡ. ಸಾರು ಉಕ್ಕಿದರೆ ಉಕ್ಕಲಿ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ಈ ಸೋದರಮಾವನ ಆಶೀರ್ವಾದ. ಎಲ್ಲರೂ ನೂರು ಕಾಲ ಬಾಯ್ತುಂಬ ಮಾತಾಡಿಕೊಂಡಿರಲಿ. ನನಗೆ ನಿನ್ನ ಆಶೀರ್ವಾದ ಬೇಕು, ಅದನ್ನು ದಾವಣಗೆರೆಯಿಂದಲೇ ಮಾಡು.

ಇಂತಿ ನಿನ್ನ ತಮ್ಮ,
ನಿಂಗರಾಜ

ತಾ.ಕ.: ಕಾಗದ ಮಡಚಿ ರೊಟ್ಟಿ ಗಂಟಿಗೆ ಇಡಲು ಹೋಗಿದ್ದವನು ವಾಪಸ್ ಬಂದು ಬಿಚ್ಚಿದ್ದೇನೆ. ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ನಾಲ್ಕು ಜನ ಸೇರಿದ ಕಡೆಯೆಲ್ಲ ನೀನು ಹೇಳುತ್ತೀಯಲ್ಲ, “ನನ್ನ ತಮ್ಮ ಬಲು ಗಟ್ಟಿಗ, ಕಾದ ಬಳೆ ಇಟ್ರೂ ತುಟಿ ಪಿಟಕ್ ಅನ್ನಲಿಲ್ಲ” ಎಂದು. ಇಪ್ಪತ್ತೇಳು ವರ್ಷ ನಾನೂ ನಕ್ಕು ತಲೆಯಾಡಿಸಿದ್ದೇನೆ. ನಿನ್ನ ಸಂತೋಷ ಯಾಕೆ ಕೆಡಿಸಲಿ ಎಂದು. ಅಕ್ಕಾ, ನಾನು ಗಟ್ಟಿಗನಾಗಿರಲಿಲ್ಲ. ನಿನ್ನ ಮಡಿಲಲ್ಲಿ ಕೂತು ‘ಬ್ಯಾಡ’ ಎನ್ನಲು ಹೊರಟಿದ್ದೆ. ಹಂಪವ್ವ ಕೆಂಡ ಊದುವಾಗಲೇ ಶುರು ಮಾಡಿದ್ದೆ. ಮೊದಲ ಅಕ್ಷರಕ್ಕೆ ತುಟಿ ಅಂಟಿಕೊಂಡಿತು. ಒಂದು ಬರೆ ಬಿತ್ತು, ಎರಡು ಬಿತ್ತು, ಮೂರೂ ಮುಗಿದವು, ನನ್ನ ಮಾತು ಮುಗಿಯಲಿಲ್ಲ. ನೀನು ನನ್ನ ಕೈ ಬಿಟ್ಟು ನಿನ್ನ ಕಣ್ಣು ಒರೆಸಿಕೊಂಡೆಯಲ್ಲ, ಆಗಲೂ ನಾನು ಅದನ್ನೇ ಹೇಳುತ್ತಿದ್ದೆ. ನನ್ನ ತಲೆ ಮುಂದಕ್ಕೆ ಬಗ್ಗಿತ್ತು, ನೀನು ನನ್ನ ಬೆನ್ನ ಹಿಂದೆ ಇದ್ದೆ, ನನ್ನ ಮುಖ ನಿನಗೆ ಕಾಣುತ್ತಿರಲಿಲ್ಲ. ರೇವಂತನಿಗೂ ಬಿಡಿಸಿಕೊಳ್ಳಲಾಗದ ಅಕ್ಷರ ಅದೇ. ಇಷ್ಟು ಓದಿಯೂ ನೀನು ಭಾನುವಾರ ಬಂದರೆ, ನಿನ್ನ ಮಡಿಲಲ್ಲಿ ಅವನು ಸುಮ್ಮನೆ ಕೂತಿದ್ದರೆ, ದಯವಿಟ್ಟು ಅವನನ್ನು ಗಟ್ಟಿಗ ಎಂದುಕೊಳ್ಳಬೇಡ.